ಬೆಟ್ಟದ ದಾರಿಯಲ್ಲಿ ಎಪಿಆರ್‌ಎಸ್: ವ್ಯಾಟ್ ಜಾಸ್ತಿ ಮಾಡೋದಾ, ಬೀಕನ್ ಸರಿ ಮಾಡೋದಾ?

ಎಪಿಆರ್‌ಎಸ್ ಅಂದರೆ ಕಾರು ಎಲ್ಲಿದೆ ಅಂತ ಹ್ಯಾಮ್ ರೇಡಿಯೊದಿಂದ ಚಿಕ್ಕ ಡೇಟಾ ಪ್ಯಾಕೆಟ್‌ಗಳಲ್ಲಿ ತಿಳಿಸುವ ವ್ಯವಸ್ಥೆ, ಹಾಗೆ ತಾನಾಗಿ ಹೋಗುವ ಪ್ಯಾಕೆಟ್ಟೇ ಬೀಕನ್. ಬಯಲಿನಲ್ಲಿ ಕಾರು ಓಡುವಾಗ ಎಪಿಆರ್‌ಎಸ್ ಮ್ಯಾಪ್‌ನಲ್ಲಿ ಚುಕ್ಕೆಗಳು ಸಾಲಾಗಿ ಬೀಳುತ್ತವೆ. ಬೆಟ್ಟ ಹತ್ತಲು ಶುರು ಮಾಡಿದರೆ ಕಾರು ಮಾಯ. ಇಪ್ಪತ್ತು ನಿಮಿಷ ಸುದ್ದಿಯೇ ಇಲ್ಲ, ಆಮೇಲೆ ತುದಿಯ ಹತ್ತಿರ ಒಂದು ಚುಕ್ಕೆ, ನಡುವೆ ಬೆಟ್ಟವನ್ನೇ ಸೀಳಿಕೊಂಡು ಹೋದ ಹಾಗೆ ಒಂದು ನೇರ ಗೆರೆ. ಮನೆಯಲ್ಲಿ ಕೂತು ನೋಡುವವರಿಗೆ ಗಾಬರಿ ಆಗುತ್ತದೆ ಅಲ್ವಾ? ಇದನ್ನು ಸರಿ ಮಾಡಲೇಬೇಕು ಅಂತ ಒಂದೇ ದಾರಿಯಲ್ಲಿ, ಒಂದೇ ಕಾರಿನಲ್ಲಿ, ಬೇರೆ ಬೇರೆ ಸೆಟಪ್ ಹಾಕಿಕೊಂಡು ಹಲವು ಸಲ ಓಡಾಡಿದೆ.

ಮೊದಲು ಪವರ್. 5 ವ್ಯಾಟ್ ಹ್ಯಾಂಡಿಯನ್ನು (ಕೈಯಲ್ಲಿ ಹಿಡಿಯುವ ರೇಡಿಯೊ) ಅದರದೇ ರಬ್ಬರ್ ಆಂಟೆನಾ ಜೊತೆ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಾಗ ಬೆಟ್ಟದಲ್ಲಿ ಹೆಚ್ಚುಕಡಿಮೆ ಏನೂ ದಾಟಲಿಲ್ಲ. ಅದೇ ಹ್ಯಾಂಡಿಗೆ ಕಾರಿನ ಚಾವಣಿಯ ನಡುವೆ ಕ್ವಾರ್ಟರ್ ವೇವ್ ಆಂಟೆನಾ ಹಾಕಿದೆ, ಅರ್ಧ ಮೀಟರ್ ಉದ್ದದ ಒಂದು ಕಡ್ಡಿ ಅಷ್ಟೇ, ಚುಕ್ಕೆಗಳು ಬರತೊಡಗಿದವು. ಆಮೇಲೆ ಕಾರಿಗೆಂದೇ ಇರುವ 50 ವ್ಯಾಟ್ ರೇಡಿಯೊ ಸೆಟ್ ಕೂರಿಸಿದೆ. ತೆರೆದ ಜಾಗಗಳಲ್ಲಿ ಇನ್ನಷ್ಟು ಚುಕ್ಕೆ ಸಿಕ್ಕವು, ಬೆಟ್ಟದ ಮರೆಯಲ್ಲಿ ಮಾತ್ರ ಮೊದಲಿನಂತೆಯೇ ಖಾಲಿ. ಲೆಕ್ಕ ಹಾಕಿದರೂ ಅಷ್ಟೇ. ಹತ್ತು ಪಟ್ಟು ಪವರ್ ಕೊಡುವುದು 10 ಡೆಸಿಬೆಲ್. ಪ್ಯಾಕೆಟ್ ಕೇಳಿ ಮತ್ತೆ ಪ್ರಸಾರ ಮಾಡುವ ಡಿಜಿಪೀಟರ್ (ಡಿಜಿ) ಕಡೆಗಿನ ನೇರ ದಾರಿ ಬೆಟ್ಟದ ಅಂಚನ್ನು ಸವರಿಕೊಂಡು ಹೋದರೇ 6 ಡೆಸಿಬೆಲ್ ಹೋಗುತ್ತದೆ, ಆಳದ ಮರೆಗೆ ಇಳಿದರೆ ನಷ್ಟ 20 ದಾಟುತ್ತದೆ.

5/8 ವೇವ್ ಉದ್ದ ಆಂಟೆನಾವನ್ನೂ ನೋಡಿದೆ. ದೂರದ ಡಿಜಿಗೆ ಅದು ಚೆನ್ನ. ಬೆಟ್ಟದ ಬುಡದಲ್ಲಿದ್ದು ಡಿಜಿ ತಲೆಯ ಮೇಲೆ ಇದ್ದಾಗ ಗಿಡ್ಡ ಕಡ್ಡಿಯೇ ಸಾಕಾಯಿತು. ಮರದ ಕೊಂಬೆಗೂ ತಗಲುವುದಿಲ್ಲ.

ಆಂಟೆನಾ ಬಿಟ್ಟರೆ ಜಾಸ್ತಿ ಫಲ ಸಿಕ್ಕಿದ್ದು ಬೀಕನ್ ಯಾವಾಗ ಕಳಿಸಬೇಕು ಅನ್ನುವುದರಲ್ಲಿ. ಎಪಿಆರ್‌ಎಸ್ ಸ್ಥಾನದ ಪ್ಯಾಕೆಟ್‌ಗೆ ಯಾರೂ 'ಸಿಕ್ಕಿತು' ಅಂತ ಉತ್ತರ ಕೊಡುವುದಿಲ್ಲ, ರೇಡಿಯೊ ಅದನ್ನು ಮತ್ತೆ ಕಳಿಸುವುದೂ ಇಲ್ಲ. ಎರಡು ನಿಮಿಷಕ್ಕೊಂದು ಅಂತ ಇಟ್ಟರೆ ಗಡಿಯಾರ ನೋಡಿ ಕಳಿಸುತ್ತದೆ, ರಸ್ತೆ ನೋಡಿ ಅಲ್ಲ. ಅರ್ಧ ನಿಮಿಷಕ್ಕೊಂದು ಇಟ್ಟೆ, ಗೆರೆ ಚೆನ್ನಾಗಿ ಬಂತು, ಆದರೆ ಎಲ್ಲರೂ ಹಂಚಿಕೊಳ್ಳುವ ಒಂದೇ 1200 ಬಾಡ್ (ಸೆಕೆಂಡಿಗೆ 1200 ಬಿಟ್) ಚಾನೆಲ್ ಅದು, ನಾನೊಬ್ಬನೇ ತುಂಬಿಸುವುದು ಸರಿಯಲ್ಲ ಅಂತ ಬಿಟ್ಟೆ.

ಕಾರಿನ ವೇಗ, ತಿರುವು ನೋಡಿ ಬೀಕನ್ ಕಳಿಸುವ ಸ್ಮಾರ್ಟ್‌ಬೀಕನಿಂಗ್ ಗೆದ್ದಿದ್ದು ಇಲ್ಲೇ. ಬೆಟ್ಟದ ರಸ್ತೆ ಒಂದು ತಿರುವಿನಲ್ಲಿ ಹೊರಕ್ಕೆ ಚಾಚಿದ ಮೂಗಿನ ಮೇಲೆ ಬರುತ್ತದೆ, ಮುಂದಿನ ತಿರುವಿನಲ್ಲಿ ನೀರು ಇಳಿಯುವ ಕೊರಕಲಿನೊಳಗೆ ನುಗ್ಗುತ್ತದೆ. ಪ್ರತಿ ತಿರುವಿಗೂ ಒಂದು ಪ್ಯಾಕೆಟ್ ಹೋದರೆ ಕೊರಕಲಿನದು ಹಾಳಾದರೂ ಮೂಗಿನ ಮೇಲಿನದು ದಾಟುತ್ತದೆ. ಆದರೆ ಮೊದಲಿದ್ದ ಸೆಟ್ಟಿಂಗ್ ಹೆದ್ದಾರಿಗೆ ಮಾಡಿದ್ದು: ಗಂಟೆಗೆ 100 ಕಿಲೋಮೀಟರ್‌ಗೆ 60 ಸೆಕೆಂಡು. ವೇಗ ಇಳಿದಷ್ಟೂ ಅಂತರ ಬೆಳೆಯುತ್ತದೆ, ಹಾಗಾಗಿ 20ರಲ್ಲಿ ತೆವಳುವಾಗ, ತಿರುವಿಲ್ಲದ ಕಡೆ, ಐದು ನಿಮಿಷಕ್ಕೊಂದು. ಆ 100 ಅನ್ನು 50ಕ್ಕೆ ಇಳಿಸಿದೆ, ಎರಡೂವರೆ ನಿಮಿಷಕ್ಕೆ ಬಂತು.

ಇದರ ಜೊತೆಗೆ ಪ್ಯಾಕೆಟ್ ಚಿಕ್ಕದು ಮಾಡಿ. ದಯವಿಟ್ಟು ಮಾಡಿ. ಉದ್ದದ ಕಾಮೆಂಟ್ ಇರುವ ಪ್ಯಾಕೆಟ್ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಗಂಟೆಗೆ 40ರಲ್ಲಿ ಅಷ್ಟರಲ್ಲಿ ಕಾರು 11 ಮೀಟರ್ ಮುಂದೆ ಹೋಗಿರುತ್ತದೆ. ಬಂಡೆಗಳಿಗೆ ಬಡಿದು ಬರುವ ಅಲೆಗಳು ಸೇರಿ ಈ ಎಪಿಆರ್‌ಎಸ್ ಓಡುವ 2 ಮೀಟರ್ ಬ್ಯಾಂಡಿನಲ್ಲಿ ಮೀಟರಿಗೊಂದರಂತೆ ಸಿಗ್ನಲ್ ಕುಸಿಯುವ ಗುಂಡಿ ಬೀಳಬಹುದು, ಅಂದರೆ ಒಂದೇ ಪ್ಯಾಕೆಟ್ ಎಷ್ಟು ಗುಂಡಿ ಹಾರಬೇಕು ನೋಡಿ. ಒಂದು ಬಿಟ್ ತಪ್ಪಿದರೂ ಸಾಮಾನ್ಯವಾಗಿ ಇಡೀ ಪ್ಯಾಕೆಟ್ ಕಸಕ್ಕೆ. ಸ್ಥಾನವನ್ನು ಕೆಲವೇ ಅಕ್ಷರಗಳಲ್ಲಿ ಅಡಕ ಮಾಡುವ ಮೈಕ್-ಇ ಫಾರ್ಮ್ಯಾಟಿಗೆ ಬದಲಾಯಿಸಿ ಕಾಮೆಂಟ್ ತೆಗೆದ ಮೇಲೆ 5 ವ್ಯಾಟ್ ಹ್ಯಾಂಡಿಯಿಂದಲೇ ಮೊದಲು ಸಿಗದಿದ್ದ ತಿರುವುಗಳು ಸಿಕ್ಕವು.

ಪಾತ್, ಅಂದರೆ ಪ್ಯಾಕೆಟ್ ಎಷ್ಟು ಡಿಜಿಗಳನ್ನು ದಾಟಬೇಕು ಅನ್ನುವ ಸೂಚನೆ, ಅದರ ಬಗ್ಗೆ ಹೇಳುವುದು ಕಡಿಮೆ. ವೈಡ್1-1 (ಮೊದಲ ಮರುಪ್ರಸಾರ, ಇದನ್ನು ಹತ್ತಿರದ ಚಿಕ್ಕ ಡಿಜಿಯೂ ಮಾಡಬಹುದು), ವೈಡ್2-1 (ಆಮೇಲೆ ಇನ್ನೊಂದು) ಸಾಕು, ಎಪಿಆರ್‌ಎಸ್ ಕಟ್ಟಿದ ಬಾಬ್ ಬ್ರುನಿಂಗ ಅವರೂ ಓಡುವ ವಾಹನಕ್ಕೆ ಇದನ್ನೇ ಹೇಳಿದ್ದರು. ಪಾತ್ ಉದ್ದ ಮಾಡಿದರೆ ಮೊದಲ ಡಿಜಿಗೆ ನಿಮ್ಮ ದನಿ ಜಾಸ್ತಿ ಕೇಳುವುದಿಲ್ಲ, ಸುಮ್ನೆ ಗದ್ದಲ ಹೆಚ್ಚುತ್ತದೆ.

ಲೋರಾ ಅನ್ನುವ ಬೇರೆ ಬಗೆಯ ರೇಡಿಯೊ ವಿಧಾನ ಬಳಸುವ ಎಪಿಆರ್‌ಎಸ್ ಬೋರ್ಡನ್ನೂ ಜೊತೆಗೆ ಒಯ್ದೆ. 100 ಮಿಲಿವ್ಯಾಟ್ ಅಷ್ಟೇ, ಆದರೂ ಗದ್ದಲದ ಕೆಳಗಿನ ಸಿಗ್ನಲ್ ಎತ್ತಿಕೊಳ್ಳುತ್ತದೆ. ಅದನ್ನು ಕೇಳಿ ಇಂಟರ್ನೆಟ್ಟಿಗೆ ದಾಟಿಸುವ ಗೇಟ್‌ವೇ ಇರುವ ಇಳಿಜಾರಿನಲ್ಲಿ 5 ವ್ಯಾಟ್ ಹ್ಯಾಂಡಿಗೆ ಸಮವಾಗಿ ನಿಂತಿತು. ಇನ್ನೊಂದು ಇಳಿಜಾರಿನಲ್ಲಿ ಕೇಳುವವರೇ ಇಲ್ಲ, ಹಳೆಯ ಡಿಜಿಗಳಿಗೆ ಅದರ ಭಾಷೆ ಬಾರದು. ನಿಮ್ಮ ಕಡೆ ಗೇಟ್‌ವೇ ಇದ್ದರೆ ಖಂಡಿತ ನೋಡಿ. ಇಲ್ಲದಿದ್ದರೆ ಈಗ ಬೇಡ.

ಈಗ ಕಾರಿನಲ್ಲಿರುವುದು 50 ವ್ಯಾಟ್ ಸೆಟ್, ಗಿಡ್ಡ ಕಡ್ಡಿ, ಮೈಕ್-ಇ, ತಿದ್ದಿದ ಸ್ಮಾರ್ಟ್‌ಬೀಕನಿಂಗ್. ಎರಡು ಬೆಟ್ಟಗಳ ನಡುವಿನ ಒಂದು ಕಣಿವೆ ಮಾತ್ರ ಇನ್ನೂ ಖಾಲಿ. ಅಲ್ಲಿ ಕಾರಿನಲ್ಲಿ ಏನು ಬದಲಿಸಿದರೂ ಆಗಲಿಲ್ಲ. ಕಣಿವೆಯೊಳಗೂ ಕಾಣುವ, ಮೇಲಿನ ಡಿಜಿಗೂ ಕಾಣುವ ಒಂದು ಮನೆಯ ಮೇಲೆ ವೈಡ್1-1ಕ್ಕೆ ಮಾತ್ರ ಉತ್ತರಿಸುವ ಚಿಕ್ಕ ಡಿಜಿ ಬೇಕು. ಅಂಥ ಮನೆ ಹುಡುಕುತ್ತಿದ್ದೇನೆ.