ಬಳ್ಳಾರಿ ಫಿಸಿಯೋ ಕಾಲೇಜ್ ಓಪಿಡಿ: ಸೀರೆಯೊಳಗಿನ ಮೊಣಕಾಲು ಆಪ್‌ಗೆ ಕಾಣಂಗಿಲ್ಲ

ನಾಲ್ಕು ಸ್ಟಾರ್ ಕೊಟ್ಟೀನಿ. ಇನ್ನೊಂದು ಯಾಕ ಕಟ್ ಮಾಡೀನಿ ಅಂತ ಕೆಳಗ ಐತಿ, ಪೂರ್ತಿ ಓದ್ರಿ.

ನಮ್ಮವ್ವಗ ಬಲಗಾಲಿನ ಮೊಣಕಾಲು ಆಪರೇಷನ್ ಆತು, ಹಳೇ ಕೀಲು ತೆಗೆದು ಹೊಸಾದು ಹಾಕೋ ನೀ ರಿಪ್ಲೇಸ್‌ಮೆಂಟು. ಹೊಲಿಗಿ ಬಿಚ್ಚಿದ ಮ್ಯಾಲೆ ಫಿಸಿಯೋ ಮಾಡಿಸ್ರಿ ಅಂದ್ರು ಡಾಕ್ಟ್ರು, ಮನೀಗೆ ಬಂದು ಮಾಡೋರ ರೇಟು ದಿನಾ ಕೊಡಾಕ ನಮ್ಮ ಕೈಲೆ ಆಗಂಗಿಲ್ಲ, ಅದಕ್ಕ ಗೆಳೆಯ ಹೇಳಿದ ಅಂತ ಈ ಕಾಲೇಜಿನ ಓಪಿಡಿಗೆ ಕರಕೊಂಡು ಹೋದೆ. ಇಲ್ಲಿ ಟ್ರೀಟ್‌ಮೆಂಟ್ ಕೊಡೋರು ಸ್ಟೂಡೆಂಟ್ಸು. ಬಿಪಿಟಿ (ಫಿಸಿಯೋಥೆರಪಿ ಡಿಗ್ರಿ) ಕೊನೆ ವರ್ಷದೋರು ಮತ್ತ ಇಂಟರ್ನ್‌ಗಳು, ಹಿಂದ ಒಬ್ರು ಸರ್ ನಿಂತಿರ್ತಾರ. "ಕಲಿಯೋ ಹುಡುಗ್ರ ಕೈಗೆ ನಿಮ್ಮವ್ವನ ಕಾಲು ಕೊಡ್ತೀಯೇನಲೇ" ಅಂತ ನಮ್ಮ ಕಾಕಾ ಬೈದ್ರು, ಬೈಲಿ ಬಿಡು ಅಂತ ಹೋದ್ವಿ.

ಮೊದಲ ದಿನ ಒಬ್ಬ ಹುಡುಗ ಟ್ಯಾಬ್ ಹಿಡಕೊಂಡು ಬಂದ. ಕ್ಯಾಮೆರಾ ಮುಂದ ನಿಂತ್ರ ಮೈಮ್ಯಾಲೆ ಕೀಲು ಇರೋ ಜಾಗದಾಗೆಲ್ಲ ಚುಕ್ಕಿ ಮೂಡ್ತಾವು, ಕಾಲು ಮಡಚಿದ್ರ ಎಷ್ಟು ಡಿಗ್ರಿ ಅಂತ ಅದ ಹೇಳ್ತೈತಿ. ಬಾಜೂಕಿನ ಬೆಡ್ಡಿನ ಕಾಲೇಜ್ ಹುಡುಗ ಚಡ್ಡಿ ಹಾಕಿದ್ದ, ಅವಂಗ ಬರೋಬ್ಬರಿ ಬಂತು. ನಮ್ಮವ್ವ ಇಳಕಲ್ ಸೀರಿ ಉಟ್ಟು ಕುಂತಾಳ, ಚುಕ್ಕಿ ಒಮ್ಮೆ ನೆರಿಗಿ ಮ್ಯಾಲೆ, ಒಮ್ಮೆ ಸೆರಗಿನ ಮ್ಯಾಲೆ ಕುಣಿಯಾಕ ಹತ್ತಿದ್ವು, ಕಾಲು ಅಲುಗಾಡಿಸದಿದ್ರೂ ಡಿಗ್ರಿ ಮಾತ್ರ ಏರೋದು ಇಳಿಯೋದು ನಡದಿತ್ತು. ಹುಡುಗ ಅದ ನಂಬರ್ ಬರಕೊಂಡ. ಸರ್ ಬಂದು ನೋಡಿ ಹೊಡಿಲಿಲ್ಲ ಬಡಿಲಿಲ್ಲ, "ಈ ನಂಬರ್ ನೀನು ನಂಬ್ತೀಯೇನಪಾ?" ಅಂತ ಅಷ್ಟ ಕೇಳಿದ್ರು. ಆಮ್ಯಾಲೆ ಪರದೆ ಎಳಸಿ, ಹುಡುಗಿ ಒಬ್ಬಾಕಿನ ಕರೆಸಿ, ಸೀರಿ ಮೊಣಕಾಲಿನ ಮಟ ಸರಿಸಿ, ಗೋನಿಯೋಮೀಟರ್ ಅನ್ನೋ ಪ್ಲಾಸ್ಟಿಕ್ ಅಳತಿಪಟ್ಟಿಯಿಂದ ಅಳಿಸಿದ್ರು. ಅದಕ್ಕ ಎರಡು ತೋಳು, ಒಂದು ತೊಡಿ ಮ್ಯಾಲಿನ ಎಲುಬಿನ ನೇರಕ್ಕ, ಇನ್ನೊಂದು ಪಾದದ ಹತ್ರ ಹೊರಗ ಉಬ್ಬಿರೋ ಎಲುಬಿನ ನೇರಕ್ಕ ಇಡಬೇಕಂತ. ಎಲುಬು ಎಲ್ಲೈತಿ ಅಂತ ಬೆರಳಿಂದ ಹುಡುಕಾಕ ಬರಲಿಲ್ಲಂದ್ರ ಪಟ್ಟೀನೂ ಸುಳ್ಳ ಹೇಳ್ತೈತಿ ಅಂದ್ರು ಸರ್. ಕೌಲ್ ಬಜಾರಿನಿಂದ ಬುರ್ಖಾ ಹಾಕ್ಕೊಂಡು ಬರೋ ಹೆಣ್ಮಕ್ಕಳಿಗೂ ಇದ ತೊಂದ್ರಿ. ಆಪ್ ಎಲ್ಲೆಲ್ಲಿ ಯಾಕ ತಪ್ಪಿತು ಅಂತ ಬರಿಯಾಕ ಹುಡುಗ್ರ ಲಾಗ್‌ಬುಕ್ಕಿನಾಗ ಬ್ಯಾರೇ ಕಾಲಂ ಹಾಕಿಸ್ಯಾರ, ಇದು ನನಗ ಭಾಳ ಸೇರಿತು.

ಇನ್ನೊಂದು ಮಷೀನ್ ಐತಿ, ಸಿಪಿಎಂ ಅಂತಾರ, ಕಾಲು ಅದರ ಮ್ಯಾಲೆ ಇಟ್ರ ತಾನ ಮಡಚಿ ಬಿಚ್ಚಿ ಮಾಡ್ತೈತಿ. ನಾ ಅದ ದೊಡ್ಡ ಟ್ರೀಟ್‌ಮೆಂಟ್ ಅಂದ್ಕೊಂಡು ದಿನಾ ಹಾಕ್ರಿ ಅಂದೆ. ಆ ಇಂಟರ್ನ್ ಹುಡುಗಿ ಕೇರಳದಾಕಿ, ಅರ್ಧಂಬರ್ಧ ಕನ್ನಡದಾಗ ತಿಳಿಸಿ ಹೇಳಿದಳು: ನೀ ರಿಪ್ಲೇಸ್‌ಮೆಂಟ್ ಆದೋರಿಗೆ ಇದರಿಂದ ಹೇಳಿಕೊಳ್ಳೋ ಅಂಥ ಲಾಭ ಇಲ್ಲ ಅಂತ 2014ರ ಕಾಕ್ರೇನ್ ರಿವ್ಯೂದಾಗ (ಆಗಿರೋ ಸಂಶೋಧನೆಗಳನ್ನೆಲ್ಲ ಕೂಡಿಸಿ ತೂಗಿ ನೋಡೋ ವರದಿ) ಬಂದೈತಿ, ಅಮ್ಮ ತಾನ ಮಡಚಬೇಕು ಅಂದಳು. ದುಡ್ಡು ಬರೋ ಮಷೀನ್ ಬ್ಯಾಡ ಅನ್ನೋರನ್ನ ನಾ ಆಸ್ಪತ್ರಿಯಾಗ ನೋಡಿದ್ದು ಕಡಿಮಿ.

ಸ್ಕ್ರೀನ್ ಮುಂದ ನಿಂತು ಆಡೋ ಗೇಮ್ ಬ್ಯಾಲೆನ್ಸ್‌ಗೆ ಚಲೋ ಐತಿ, ಅವ್ವಗ ಖುಷಿ, ಆದ್ರ ಸ್ಕ್ರೀನ್ ಒಂದ ಐತಿ, ಪಾಳಿ ಹಚ್ಚಬೇಕು.

ನಿಜವಾಗ್ಲೂ ಉಪಯೋಗ ಆಗಿದ್ದು ಬ್ಯಾರೇ. ಫೋನಿನಾಗ ಸಿಗೋ ರೆಡಿಮೇಡ್ ಎಕ್ಸರ್ಸೈಜ್ ಆಪಿನ ವಿಡಿಯೋದಾಗೆಲ್ಲ ಸೋಫಾ, ಕಾರ್ಪೆಟ್ಟು, ಇಂಗ್ಲಿಷ್ ಮಾತು. ಆ ಹುಡುಗಿ "ಮನೀ ಫೋಟೋ ತರ್ರಿ ಅಣ್ಣಾ" ಅಂದಳು, ಪಾಯಿಖಾನಿ, ಅಡಿಗಿಮನಿ, ಹೊಸ್ತಿಲು, ಮಂಚ ಎಲ್ಲಾದ್ದೂ. ಕುರ್ಚಿಯಿಂದ ಏಳಾಕ 90 ಡಿಗ್ರಿ ದಾಟಿದ್ರ ನಡೀತೈತಿ, ಕುಕ್ಕರಗಾಲಿಲೆ ಕುಂದರಾಕ 130ರ ಮ್ಯಾಲೆ ಬೇಕು, ಹೊಸ ಮೊಣಕಾಲಿಗೆ ಅದು ಬ್ಯಾಡ, ಅದಕ್ಕ ಕಮೋಡ್ ಕುರ್ಚಿ ತರ್ರಿ, ರೊಟ್ಟಿ ನೆಲದ ಮ್ಯಾಲೆ ಕುಂತು ಬಡಿಯೋದು ಬಿಟ್ಟು ಕಟ್ಟಿ ಮ್ಯಾಲೆ ಬಡೀಲಿ ಅಂತ ಬರಕೊಟ್ಟಳು. ನಮ್ಮವ್ವ "ನಿಂತು ಬಡಿದ್ರ ರೊಟ್ಟಿ ಹರೀತೈತಿ" ಅಂತ ಜಗಳಾನೂ ತಗದಳು, ಕಡೀಕ ಎತ್ತರದ ಸ್ಟೂಲಿಗೆ ರಾಜಿ ಆತು. ಆಮ್ಯಾಲೆ ಅವ್ವಂದ ಕಾಲು, ಅವ್ವಂದ ಎಕ್ಸರ್ಸೈಜು ನನ್ನ ಫೋನಿನಾಗ ವಿಡಿಯೋ ಮಾಡಿಸಿ, ಯಾವುದು ಎಷ್ಟು ಸಲ ಅಂತ ಮಾತು ಸೇರಿಸಿ ವಾಟ್ಸಾಪಿಗೆ ಹಾಕಿದಳು. ದಿನಾ ಅದನ್ನ ಹಚ್ಚಿ ಮಾಡಿಸ್ತೀವಿ. ಖರೇ ಹೇಳಬೇಕಂದ್ರ ಹಿಂಗ ಮನೀ ನೋಡಿ ದಿನದ ಕೆಲಸ ಹೆಂಗ ಮಾಡಬೇಕು ಅಂತ ತಿಳಿಸೋದು ಆಕ್ಯುಪೇಷನಲ್ ಥೆರಪಿಯವರ ಕೆಲಸಂತ, ನಮ್ಮ ದೇಶದಾಗ ಆ ಕೋರ್ಸು 1950ರಾಗ ಮುಂಬೈ ಕೆಇಎಂ ಆಸ್ಪತ್ರಿಯಾಗ ಶುರು ಆಗೈತಿ, ಆದ್ರ ಬಳ್ಳಾರಿಯಾಗ ನಾ ಎಷ್ಟು ಮಂದೀನ ಕೇಳಿದ್ರೂ ಒಬ್ರೂ ಸಿಗಲಿಲ್ಲ. ಈ ಫಿಸಿಯೋ ಹುಡುಗ್ರ ಅಷ್ಟಿಷ್ಟು ಮಾಡ್ಯಾರ.

ಈಗ ಆ ಒಂದು ಸ್ಟಾರ್. ಇಂಟರ್ನ್ ಬ್ಯಾಚ್ ಬದಲಾದ್ರ ಪೇಷಂಟ್ ಕಥಿ ಮೊದಲಿಂದ ಶುರು. ಟ್ಯಾಬಿನಾಗ ಎಲ್ಲಾ ಐತಿ ಅಂತಾರ, ಹೊಸ ಹುಡುಗ ಅದನ್ನ ತೆಗೆದು ನೋಡದ "ಯಾವ ಕಾಲು ಅಜ್ಜಿ?" ಅಂತ ಕೇಳಿದ್ರ ಸಿಟ್ಟು ಬರ್ತೈತಿ. ಅವರ ಇಂಟರ್ನ್‌ಶಿಪ್ಪು ಬರೇ 6 ತಿಂಗಳು, ಕೈ ಕುದುರೋದ್ರಾಗ ಹೋಗಿಬಿಡ್ತಾರ. 2025ರ ಹೊಸ ಸಿಲಬಸ್ಸಿನಾಗ ಅದನ್ನ 1 ವರ್ಷ ಮಾಡ್ಯಾರ ಅಂದ್ರು ಸರ್, ಮಾಡಬೇಕಾದ್ದ. ಮತ್ತ ರ‍್ಯಾಂಪು ಎಷ್ಟು ಇಳಿಜಾರು ಅಂದ್ರ ವಾಕರ್ ಹಿಡಿದೋರು ಹತ್ತೋದ ಒಂದು ಎಕ್ಸರ್ಸೈಜು, ಫಿಸಿಯೋ ಕಾಲೇಜಿನಾಗ ಇದು ಆಗಬಾರದಿತ್ತು.

ಫೀಸು ಹೊರಗಿಂತ ಭಾಳ ಕಡಿಮಿ. ಬೆಳಿಗ್ಗೆ ಲಗೂ ಹೋಗ್ರಿ, ಹನ್ನೊಂದರ ಮ್ಯಾಲೆ ಸಿರುಗುಪ್ಪ, ಕುರುಗೋಡು ಕಡೀ ಬಸ್ಸಿನ ಮಂದಿ ಬಂದು ತುಂಬ್ತೈತಿ. ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ ಎರಡೂ ಒಯ್ರಿ, ಇಲ್ಲಂದ್ರ ಮೊದಲ ದಿನ ಬರೇ ಹೆಸರು ಬರಸಿ ವಾಪಸ್ ಬರ್ತೀರಿ.