ತುಮಕೂರಿನ ಒಂದು ‘ನರದ ಡಾಕ್ಟರ’ ಕ್ಲಿನಿಕ್: ಏಳು ತಿಂಗಳ ಅನುಭವ

ನಮ್ಮ ಕಡೆ ಮನೋವೈದ್ಯರನ್ನು ಆ ಹೆಸರಿನಿಂದ ಕರೆಯುವವರು ಕಡಿಮೆ. ‘ನರದ ಡಾಕ್ಟರು’ ಎಂದೇ ರೂಢಿ. ತುಮಕೂರಿನ ಹಳೆಯ ಬಡಾವಣೆಯೊಂದರಲ್ಲಿ, ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಈ ಕ್ಲಿನಿಕ್ಕಿಗೆ ಏಳು ತಿಂಗಳ ಹಿಂದೆ ಹೊರಟಾಗ ನಾನೂ ಮನೆಯಲ್ಲಿ ಹಾಗೆಯೇ ಹೇಳಿದ್ದೆ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಕ್ಲಿನಿಕ್ಕಿನ ಹೆಸರು ಬರೆಯುತ್ತಿಲ್ಲ. ಗಾಬರಿಯ ಕಾಯಿಲೆಗೆ ಚಿಕಿತ್ಸೆ ಎಂದರೆ ಏನು ನಡೆಯುತ್ತದೆ ಎಂಬುದು ತಿಳಿದರೆ ಸಾಕು ಎನ್ನುವವರಿಗಾಗಿ ಇದು.

ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನಾನು ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿಬರಬೇಕಾಗುತ್ತದೆ. ಒಂದು ದಿನ ದಾಬಸ್‌ಪೇಟೆ ದಾಟುವಾಗ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡು, ಅಂಗೈ ಬೆವರಿ, ಬೆರಳು ಜೋಮು ಹಿಡಿದು, ಜೀವ ಹೋಗಿಯೇ ಬಿಟ್ಟಿತು ಅನ್ನಿಸಿತು. ಆಸ್ಪತ್ರೆಯಲ್ಲಿ ಇಸಿಜಿ ಸರಿಯಾಗಿತ್ತು. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳುಹಿಸಿದರು. ಹದಿನೈದು ದಿನದ ನಂತರ ಮತ್ತೆ ಅದೇ ಆಯಿತು, ಮತ್ತೆ ಇಸಿಜಿ, ಮತ್ತೆ ಗ್ಯಾಸ್ಟ್ರಿಕ್. ಅತ್ತೆಯವರು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ನಾನು ಮಾತ್ರ ಬಸ್ಸು ಬಿಟ್ಟೆ, ಆಮೇಲೆ ಮದುವೆಮನೆಗಳನ್ನು ಬಿಟ್ಟೆ, ಕೊನೆಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೂ ಯಾರಾದರೂ ಜೊತೆಗಿದ್ದರೆ ಮಾತ್ರ ಹೋಗುವ ಸ್ಥಿತಿಗೆ ಬಂದೆ.

ಈ ಕ್ಲಿನಿಕ್ಕಿನ ನಿಜವಾದ ಗುಣ ಇರುವುದು ವೈದ್ಯರು ವಿವರಿಸುವ ರೀತಿಯಲ್ಲಿ. ಮೊದಲ ಭೇಟಿಗೆ ಅವರು ಅರ್ಧ ಗಂಟೆಗೂ ಹೆಚ್ಚು ಸಮಯ ಕೊಟ್ಟರು. ದಿನಕ್ಕೆ ಎಷ್ಟು ಕಾಫಿ, ನಿದ್ದೆ ಹೇಗೆ, ಕುಡಿತ ಉಂಟೇ ಎಂದೆಲ್ಲ ಕೇಳಿ, ಥೈರಾಯ್ಡ್ ಹೆಚ್ಚಾದರೂ ರಕ್ತ ಕಡಿಮೆಯಾದರೂ ಎದೆಬಡಿತ ಹೀಗೇ ಏರಬಹುದೆಂದು ಎರಡೂ ಪರೀಕ್ಷೆ ಬರೆದುಕೊಟ್ಟರು. ವರದಿಗಳು ಸರಿಯಾಗಿ ಬಂದ ಮೇಲೆ ಚೀಟಿಯ ಹಿಂಬದಿಯಲ್ಲಿ ದೇವರಾಯನದುರ್ಗದಂಥ ಒಂದು ಗುಡ್ಡ ಬರೆದು, ಅದರ ಬುಡದಲ್ಲಿ ನಿಮಿಷಗಳನ್ನು ಗುರುತಿಸಿದರು. ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಏರುವ ಈ ಗಾಬರಿ, ಕೆಲವೇ ನಿಮಿಷಗಳಲ್ಲಿ, ಸಾಮಾನ್ಯವಾಗಿ ಹತ್ತರೊಳಗೆ, ತುದಿ ಮುಟ್ಟಿ ತಾನಾಗಿಯೇ ಇಳಿಯತೊಡಗುತ್ತದೆ ಎಂದರು. ಏರುವ ದಾರಿಯ ಅರ್ಧದಲ್ಲಿ ಒಂದು ಚುಕ್ಕೆ ಇಟ್ಟು, ‘ನೀವು ಬಸ್ ಇಳಿಯೋದು ಇಲ್ಲಿ. ಅದಕ್ಕೇ ಇಳಿಜಾರು ನೋಡೇ ಇಲ್ಲ’ ಎಂದರು. ಹುಲಿ ಕಂಡಾಗ ಓಡಲೆಂದು ದೇಹ ಅಡ್ರಿನಲಿನ್ ಹರಿಸಿ ಮಾಡಿಕೊಳ್ಳುವ ಸಿದ್ಧತೆಯೇ ಹುಲಿ ಇಲ್ಲದೆಡೆಯಲ್ಲೂ ನಡೆಯುತ್ತಿದೆ, ಬೇಗಬೇಗ ಉಸಿರೆಳೆಯುವುದರಿಂದ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಇಳಿದು ಬೆರಳು ಜೋಮು ಹಿಡಿಯುತ್ತದೆ ಎಂಬುದು ತಿಳಿದಾಗ ನನಗಾದ ನಿರಾಳ ದೊಡ್ಡದು. ಆ ಚೀಟಿ ಇನ್ನೂ ನನ್ನ ಜೇಬಿನಲ್ಲಿದೆ, ಮಡಿಕೆಯಲ್ಲಿ ಹರಿದಿದೆ.

ನನ್ನದು ಪ್ಯಾನಿಕ್ ಡಿಸಾರ್ಡರ್. ಅಟ್ಯಾಕ್ ಬಂದ ಮಾತ್ರಕ್ಕೆ ಆ ಹೆಸರು ಕೊಡುವುದಿಲ್ಲ. ಅನಿರೀಕ್ಷಿತವಾಗಿ ಮರುಕಳಿಸಬೇಕು, ಮತ್ತೆ ಬಂದೀತೆಂಬ ಭಯವಾಗಲಿ ಆ ಭಯಕ್ಕೆ ನಡವಳಿಕೆ ಬದಲಾದದ್ದಾಗಲಿ ಒಂದು ತಿಂಗಳಾದರೂ ಇರಬೇಕು. ನನ್ನ ನಂತರ ನಮ್ಮ ಅತ್ತಿಗೆಯೂ ಇಲ್ಲಿಗೇ ಬಂದರು. ಅವರಿಗೆ ಎದೆಬಡಿತವಿಲ್ಲ, ಆದರೆ ಮಗನ ಫೀಸು, ಕೊಳವೆಬಾವಿಯ ನೀರು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ ಸರಪಳಿಯಂತೆ ಸಾಗಿ, ಹೆಗಲು ಬಿಗಿದು, ರಾತ್ರಿ ಎರಡಕ್ಕೆ ಎಚ್ಚರ. ಇಂಥದ್ದು ಆರು ತಿಂಗಳಿಗೂ ಮೀರಿ ಹೆಚ್ಚಿನ ದಿನಗಳಲ್ಲಿ ಇದ್ದರೆ ಅದು ಸಾಮಾನ್ಯೀಕೃತ ಆತಂಕ. ಗ್ಯಾಸ್ ವಿಷಯ ಕೇಳಿದೊಡನೆ ವೈದ್ಯರು ದಿನಕ್ಕೆಷ್ಟು ಸಲ ಎದ್ದು ಹೋಗಿ ನೋಡುತ್ತೀರಿ ಎಂದು ವಿಚಾರಿಸಿ, ಗೀಳು ಕಾಯಿಲೆಯಲ್ಲ ಎಂದು ಖಚಿತಪಡಿಸಿಕೊಂಡರು. ಮೊದಲು ಆತಂಕದ ಗುಂಪಿನಲ್ಲೇ ಇದ್ದ ಗೀಳು ಕಾಯಿಲೆಯನ್ನು ಅಮೆರಿಕದ ಮನೋವೈದ್ಯರ ಸಂಘದ 2013ರ ವರ್ಗೀಕರಣವು ಪ್ರತ್ಯೇಕ ಅಧ್ಯಾಯಕ್ಕೆ ಸರಿಸಿದೆ.

ಔಷಧದ ವಿಷಯದಲ್ಲಿಯೂ ಕೊರತೆ ಹೇಳಲಾರೆ. ಆತಂಕ ತಗ್ಗಿಸಲು ದಿನವೂ ನುಂಗುವ ಎಸಿಟಲೋಪ್ರಾಮ್ ಮಾತ್ರೆ 5 ಮಿಲಿಗ್ರಾಮಿನಿಂದ ಶುರುವಾಗಿ 10ಕ್ಕೆ ಏರಿತು. ಮೊದಲ ವಾರಗಳಲ್ಲಿ ಚಡಪಡಿಕೆ ಸ್ವಲ್ಪ ಹೆಚ್ಚಬಹುದು, ಗುಣ ಕಾಣಲು ಹಲವು ವಾರ ಬೇಕು ಎಂದು ಮೊದಲೇ ತಿಳಿಸಿದ್ದರಿಂದ ನಾನು ನಡುವೆ ಬಿಡಲಿಲ್ಲ. ಗಾಬರಿಯನ್ನು ಬೇಗ ಶಮನಗೊಳಿಸುವ ಕ್ಲೋನಜೆಪಾಮ್ ಮಾತ್ರೆ ಕೊಟ್ಟದ್ದು ಮೂರೇ ವಾರ, ಅದನ್ನೂ ಹಂತಹಂತವಾಗಿ ಇಳಿಸಿದರು. ದೇಹ ಅದಕ್ಕೆ ಒಗ್ಗಿಬಿಡುತ್ತದೆ, ಬಹುಕಾಲ ತೆಗೆದುಕೊಂಡವರು ಏಕಾಏಕಿ ನಿಲ್ಲಿಸುವುದು ಅಪಾಯ.

ಆಪ್ತಸಮಾಲೋಚನೆಗೆ ಬೇರೆ ಶುಲ್ಕ, 45 ನಿಮಿಷಕ್ಕೆ 800 ರೂಪಾಯಿ. ನೀತಿಮಾತು ಕೇಳಿಸಿಕೊಂಡು ಬರಬೇಕಾದೀತೆಂದು ಹೋಗಿದ್ದೆ. ಸಮಾಲೋಚಕಿಯು ನನ್ನನ್ನು ಕಟ್ಟಡದ ಮೆಟ್ಟಿಲನ್ನು ಎರಡು ಸಲ ಓಡಿ ಹತ್ತಿಸಿ, ಏದುಸಿರಿನಲ್ಲೇ ಕೂರಿಸಿ, ನೀರು ಕೊಡದೆ, ನಾಡಿಯ ಮೇಲೆ ನನ್ನದೇ ಬೆರಳು ಇಡಿಸಿದರು. ಬಸ್ಸಿನಲ್ಲಿ ಬಡಿದುಕೊಂಡ ಎದೆಯೇ ಇಲ್ಲಿಯೂ ಬಡಿದುಕೊಳ್ಳುತ್ತಿತ್ತು, ಸಾಯುವ ಭಯ ಮಾತ್ರ ಇರಲಿಲ್ಲ. ಆಮೇಲೆ ಬಟವಾಡಿಯಿಂದ ಕ್ಯಾತ್ಸಂದ್ರದವರೆಗೆ, ಅಲ್ಲಿಂದ ದಾಬಸ್‌ಪೇಟೆವರೆಗೆ, ನೆಲಮಂಗಲದವರೆಗೆ ಎಂದು ಪಟ್ಟಿ ತಯಾರಾಯಿತು. ಒಂದೊಂದು ಹಂತದಲ್ಲೂ ಭಯ ಇಳಿಯುವ ತನಕ ಬಸ್ಸಿನಲ್ಲೇ ಇರಬೇಕೆಂಬುದು ಕರಾರು.

ಇನ್ನು ದೂರುಗಳು. ಕೌಂಟರಿನಲ್ಲಿ ಹೆಸರನ್ನಷ್ಟೇ ಅಲ್ಲ, ಕಾಯಿಲೆಯನ್ನೂ ಕೂಗುತ್ತಾರೆ. ‘ಗಾಬರಿ ಕೇಸು, ಹನ್ನೆರಡನೇ ಟೋಕನ್’ ಎಂದದ್ದು ಅಲ್ಲಿ ಕುಳಿತ ನಮ್ಮೂರಿನವರೊಬ್ಬರ ಕಿವಿಗೂ ಬಿತ್ತು. ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017ರ 23ನೇ ಕಲಂ ರೋಗಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ವೈದ್ಯರಿಗೆ ಹೇಳಿದೆ, ಒಂದು ವಾರ ಸರಿಹೋಗಿ ಮತ್ತೆ ಹಳೆಯ ಚಾಳಿಗೇ ಬಂತು. ಸಮಾಲೋಚಕಿ ವಾರಕ್ಕೆ ಎರಡೇ ದಿನ ಬರುವುದರಿಂದ ನನ್ನ ಬಸ್ಸಿನ ಪಟ್ಟಿ ಎರಡು ತಿಂಗಳು ದಾಬಸ್‌ಪೇಟೆಯಲ್ಲೇ ನಿಂತಿತ್ತು. ಎರಡನೆಯ ಭೇಟಿಯ ನಂತರ ವೈದ್ಯರ ಸಮಯವೂ ಐದು ನಿಮಿಷಕ್ಕೆ ಇಳಿಯುತ್ತದೆ. 300 ರೂಪಾಯಿಗೆ ಇದು ಕಡಿಮೆಯೇ.

ಹಣ ಹೊಂದಿಸಲಾಗದವರಿಗೆ ಬೇರೆ ದಾರಿಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ತಪಾಸಣೆಯ ಬಗ್ಗೆ ವಿಚಾರಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿದರೆ ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಎದೆನೋವು ಮೊದಲ ಸಲ ಬಂದವರು ಇದ್ಯಾವುದಕ್ಕೂ ಮುಂಚೆ ಇಸಿಜಿ ಮಾಡಿಸಲೇಬೇಕು.

ಕಾಯಿಲೆ ಏನೆಂದು ತಿಳಿಯಲು ಈ ಕ್ಲಿನಿಕ್ಕಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಕೌಂಟರಿಗೆ ಒಂದು. ಕಳೆದ ಗುರುವಾರ ನೆಲಮಂಗಲದವರೆಗೆ ಒಬ್ಬನೇ ಹೋಗಿಬಂದೆ. ದಾಬಸ್‌ಪೇಟೆಯಲ್ಲಿ ಎದೆ ಬಡಿದುಕೊಂಡಿತು, ಕಿಟಕಿಯ ಪಕ್ಕದಲ್ಲೇ ಕುಳಿತಿದ್ದೆ. ಹೋಗುವವರು ಸೋಮವಾರ ತಪ್ಪಿಸಿ, ಅಂದು ಟೋಕನ್ ನಲವತ್ತು ದಾಟುತ್ತದೆ.