ಅಲೆಪ್ಪಿಯಲ್ಲಿ ಹೌಸ್‌ಬೋಟ್ ಬುಕ್ ಮಾಡಿದ್ದೀರಾ? ಬಾಕಿ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಫೋಟೋದಲ್ಲಿ ತೋರಿಸಿದ ಬೋಟು ನಿಮಗೆ ಸಿಗುತ್ತೆ ಅಂತ ನಂಬಿಕೊಂಡು ಹೋಗಬೇಡಿ. ಪೂರ್ತಿ ಓದಲು ಟೈಮ್ ಇಲ್ಲದವರು ಇಷ್ಟಾದರೂ ನೆನಪಿಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಏಜೆಂಟ್ ಕಳಿಸಿದ್ದು ಒಂದು ಬೋಟು, ಜೆಟ್ಟಿಯಲ್ಲಿ ನಮ್ಮ ಮುಂದೆ ತಂದು ನಿಲ್ಲಿಸಿದ್ದು ಇನ್ನೊಂದು. ಎಲ್ಲರೂ ಹೀಗೇ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ನಮಗೆ ಹೀಗೆ ಮಾಡಿದರು. ಊರಿಗೆ ವಾಪಸ್ ಬಂದಿದ್ದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಏಪ್ರಿಲ್ ರಜೆ. ಅತ್ತೆ, ಮಾವ, ನಾವು, ಮಕ್ಕಳು, ಜೊತೆಗೆ ನನ್ನ ಗೆಳತಿಯ ಮನೆಯವರು. ಒಂದು ರಾತ್ರಿ ಹೌಸ್‌ಬೋಟಿನಲ್ಲಿ ಇದ್ದು ಬರೋಣ ಅಂತ ಮಾತಾಯಿತು. ನಮ್ಮ ಮಾವ ಗದ್ದೆ ಮಾಡಿದವರು. ಅಲೆಪ್ಪಿ ಸುತ್ತಲಿನ ಕುಟ್ಟನಾಡಿನಲ್ಲಿ ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುತ್ತಾರೆ ಅಂತ ಯಾವಾಗಲೋ ಓದಿ, ಅದನ್ನು ಒಂದು ಸಲ ಕಣ್ಣಾರೆ ನೋಡಬೇಕು ಅಂತಿದ್ದರು. ಎಲ್ಲರನ್ನೂ ಒಪ್ಪಿಸಿದ್ದು, ಹೊರಡಿಸಿದ್ದು, ಬುಕ್ ಮಾಡಿದ್ದು ನಾನು. ಅದಕ್ಕೇ ಅವಮಾನ ಜಾಸ್ತಿ ಆಗಿದ್ದೂ ನನಗೇ.

ಏಜೆಂಟ್ ಚೆನ್ನಾಗಿ ಕನ್ನಡ ಮಾತಾಡುತ್ತಿದ್ದ. ಮಾತಿಗೊಂದು ಸಲ ಅಕ್ಕಾ. "ಅಕ್ಕಾ, ನಮ್ಮನೆಯವರ ತರ ನೋಡ್ಕೋತೀವಿ. ಅಕ್ಕಾ, ನೀವು ಟೆನ್ಷನ್ ತಗೋಬೇಡಿ." ನಾನು ಸುಮ್ನೆ ನಂಬಿ ದುಡ್ಡು ಹಾಕಲಿಲ್ಲ. ಒಂದೊಂದನ್ನೂ ಕೇಳಿ ಕೇಳಿ ಮೆಸೇಜಿನಲ್ಲಿ ಬರೆಸಿಕೊಂಡೆ. ಮೂರು ರೂಮು. ಅತ್ತೆಗೆ ಬಿಪಿ ಇದೆ, ಆ ಸೆಕೆ ತಡೆಯಲ್ಲ, ಹಾಗಾಗಿ ಎಸಿ ಇಡೀ ದಿನ. ಸಸ್ಯಾಹಾರ ಬೇರೆ ಪಾತ್ರೆಯಲ್ಲಿ. ಪುನ್ನಮಡದಿಂದ ಹೊರಟು ವೆಂಬನಾಡ್ ಸರೋವರ, ಪಾದಿರಾಮಣಲ್ ದ್ವೀಪದ ಹತ್ತಿರದವರೆಗೆ ಹೋಗಿ, ಬರುವಾಗ ಕೈನಕರಿ ಕಡೆ ಗದ್ದೆ ನೋಡಿಕೊಂಡು ಬರುವುದು. ಎಲ್ಲದಕ್ಕೂ "ಓಕೆ ಅಕ್ಕಾ" ಅಂದ. ಬೋಟಿನ ಫೋಟೋ ಕಳಿಸಿದ. ಮೇಲೊಂದು ಡೆಕ್, ನೀಲಿ ಬಣ್ಣದ ಸೋಫಾ, ಮುಂದುಗಡೆ ದೊಡ್ಡದಾಗಿ ಬೋಟಿನ ಹೆಸರು. ಒಟ್ಟು 22,000 ರೂಪಾಯಿ. ಅರ್ಧ ಅಡ್ವಾನ್ಸ್ ಯುಪಿಐನಲ್ಲಿ ಹಾಕಿದೆ. ದುಡ್ಡು ತಲುಪಿದ ಮೇಲೆ ಅಕ್ಕ ಹೋಗಿ ಮೇಡಂ ಆದೆ. ಆಗ ಅದು ಅಷ್ಟು ಗಮನಕ್ಕೆ ಬರಲಿಲ್ಲ. ಈಗ ಮೆಸೇಜುಗಳನ್ನು ಮೇಲಿಂದ ಓದಿದರೆ ಎದ್ದು ಕಾಣುತ್ತೆ.

ಅಲೆಪ್ಪಿಯಲ್ಲಿ ಬೋಟು ಹತ್ತುವ ಸಮಯ ಸಾಮಾನ್ಯವಾಗಿ ಮಧ್ಯಾಹ್ನ 12. ಮರುದಿನ ಬೆಳಿಗ್ಗೆ 9ಕ್ಕೆ ಇಳಿಸುತ್ತಾರೆ. ನಾವು ಹನ್ನೆರಡಕ್ಕೆ ಮುಂಚೆಯೇ ಜೆಟ್ಟಿಯಲ್ಲಿದ್ದೆವು. "ಐದು ನಿಮಿಷ ಮೇಡಂ" ಅಂತ ಒಂದು ಗಂಟೆಯ ಮೇಲೆ ನಿಲ್ಲಿಸಿದರು. ನೆತ್ತಿ ಸುಡುವ ಬಿಸಿಲು. ಕೊನೆಗೆ ಯಾರೋ ಒಬ್ಬ ಬಂದು ನಮ್ಮ ಲಗೇಜ್ ಎತ್ತಿಕೊಂಡು ಹೋಗಿ ಒಂದು ಬೋಟಿನ ಒಳಗೆ ಇಟ್ಟೇಬಿಟ್ಟ. ಮಕ್ಕಳೂ ಅವನ ಹಿಂದೆಯೇ ಓಡಿದರು. ನಾನು ಮೊಬೈಲ್‌ನಲ್ಲಿ ಏಜೆಂಟ್ ಕಳಿಸಿದ್ದ ಫೋಟೋ ತೆರೆದು ಬೋಟಿನ ಪಕ್ಕ ಹಿಡಿದು ನೋಡುತ್ತೇನೆ, ಒಂದಾದರೂ ಹೊಂದಬೇಕಲ್ಲ! ಮೇಲೆ ಡೆಕ್ಕೇ ಇಲ್ಲ. ಸೋಫಾ ಜಾಗದಲ್ಲಿ ರೆಕ್ಸಿನ್ ಹರಿದು ಸ್ಪಂಜು ಹೊರಗೆ ಬಂದ ಬೆಂಚು. ಮುಂದುಗಡೆ ನೋಂದಣಿ ನಂಬರ್ ಇರಬೇಕಾದ ಜಾಗದಲ್ಲಿ ಹೊಸ ಬಣ್ಣ ಬಳಿದಿದ್ದರು, ಅದರಡಿಯಲ್ಲಿ ಎರಡು ಅಂಕಿ ಅರೆಬರೆ ಕಾಣುತ್ತಿತ್ತು. ಫೋಟೋ ತೋರಿಸಿದರೆ ಬೋಟಿನವನು ಮುಖ ಆ ಕಡೆ ತಿರುಗಿಸಿದ.

ಏಜೆಂಟ್‌ಗೆ ಫೋನ್ ಮಾಡಿದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಆ ಬೋಟು ಇಂಜಿನ್ ರಿಪೇರಿಗೆ ಹೋಗಿದೆ ಮೇಡಂ. ಇದೂ ಅದೇ ಕೆಟಗರಿ. ನಿಜ ಹೇಳ್ಬೇಕಂದ್ರೆ ಇದೇ ಅದಕ್ಕಿಂತ ಚೆನ್ನಾಗಿದೆ."

ಮೇಲಿನ ಡೆಕ್ ಎಲ್ಲಿ ಅಂದೆ. "ಮೇಡಂ, ಬಿಸಿಲಲ್ಲಿ ಮೇಲೆ ಯಾರು ಕೂತ್ಕೋತಾರೆ?"

ಹಾಗಾದರೆ ನಮಗೆ ಬೇಡ, ಅಡ್ವಾನ್ಸ್ ವಾಪಸ್ ಕೊಡಿ ಅಂದೆ. "ಕ್ಯಾನ್ಸಲ್ ಮಾಡಿದ್ರೆ ಅಡ್ವಾನ್ಸ್ ಬರಲ್ಲ ಮೇಡಂ. ಸೀಸನ್ ಟೈಮು. ಈಗ ಬೇರೆ ಬೋಟೂ ಸಿಗಲ್ಲ ನಿಮಗೆ."

ಅವನಿಗೆ ಚೆನ್ನಾಗಿ ಗೊತ್ತಿತ್ತು. ವಯಸ್ಸಾದವರು, ಮಕ್ಕಳು, ಬಿಸಿಲು, ಒಳಗೆ ಹೋದ ಲಗೇಜು. ಇವರು ಎಲ್ಲಿಗೆ ಹೋಗುತ್ತಾರೆ ಅಂತ. ಬಾಕಿ 11,000 ನಗದಾಗಿ ಎಣಿಸಿಕೊಟ್ಟ ಮೇಲೆಯೇ ಹಗ್ಗ ಬಿಚ್ಚಿದರು. ಅತ್ತೆ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿ ಇತ್ತು.

ಹತ್ತಿ ಕೂತ ಮೇಲೆ ಎಸಿ ಹಾಕಿ ಅಂದರೆ, "ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮಾತ್ರ." ಕಡಿಮೆ ದರದ ಬೋಟುಗಳಲ್ಲಿ ಇದು ಮಾಮೂಲಿ ಅಂತ ನನಗೂ ಗೊತ್ತು. ಜನರೇಟರಿಗೆ ಡೀಸೆಲ್ ಬೇಕಲ್ಲ. ಆದರೆ ನಾವು ಹಗಲು ಎಸಿಗೆ ಅಂತಲೇ ಜಾಸ್ತಿ ಕೊಟ್ಟಿದ್ದೆವು. ಮೆಸೇಜ್ ತೋರಿಸಿದೆ. ಬೋಟಿನವರು ಅಸಹಾಯಕರಾಗಿ ನಕ್ಕರು. "ನಮಗೆ ಹೇಳಿದ್ದು ರಾತ್ರಿ ಎಸಿ ಅಂತ." ಅವರ ಹತ್ತಿರ ಜಗಳ ಆಡಿ ಪ್ರಯೋಜನ ಇಲ್ಲ. ಅಡುಗೆಯವರಂತೂ ಒಳ್ಳೆಯವರು, ನಮಗೆ ಬೇರೆ ಪಾತ್ರೆ ತೊಳೆದು ಸಾಂಬಾರು, ಪಲ್ಯ ಮಾಡಿಕೊಟ್ಟರು. ಈ ಪಾರ್ಟಿ ನಿಮ್ಮದು ಅಂತ ಅವರಿಗೆ ಹೇಳಿದ್ದೇ ಅವತ್ತು ಬೆಳಿಗ್ಗೆಯಂತೆ! ಅಂದರೆ ನಾವು ಅಡ್ವಾನ್ಸ್ ಹಾಕಿದಾಗ ನಮ್ಮ ಹೆಸರಿಗೆ ಯಾವ ಬೋಟೂ ಇರಲಿಲ್ಲ. ಆ ಏಜೆಂಟ್ ಮೊದಲು ದುಡ್ಡು ಹಿಡಿದುಕೊಂಡ. ಆಮೇಲೆ ಜೆಟ್ಟಿಯಲ್ಲಿ ಅವತ್ತು ಖಾಲಿ ಇರುವ, ಅಗ್ಗಕ್ಕೆ ಬರುವ ಬೋಟಿಗೆ ನಮ್ಮನ್ನು ತಳ್ಳಿದ. ಮಧ್ಯದಲ್ಲಿ ಉಳಿದಿದ್ದು ಅವನ ಜೇಬಿಗೆ.

ಬೋಟು ಸ್ವಲ್ಪ ದೂರ ಹೋಗಿ ಊಟಕ್ಕೆ ಅಂತ ದಡಕ್ಕೆ ನಿಂತಿತು. ಊಟದ ನಂತರ ಸರೋವರದ ಅಂಚಿನಲ್ಲಿ ಒಂದು ಸುತ್ತು. ಪಾದಿರಾಮಣಲ್ ಕಡೆ ಹೋಗಿ ಅಂದರೆ ಡೀಸೆಲ್ ಅಷ್ಟಿಲ್ಲ. ಕೈನಕರಿ ಕಡೆ ಅಂದರೆ ನೀರಿನಲ್ಲಿ ಕಳೆ ತುಂಬಿದೆ, ಬೋಟು ಹೋಗಲ್ಲ. ಕಳೆ ಇರುವುದು ನಿಜವೇ. ಬೇಸಿಗೆಯಲ್ಲಿ ಗದ್ದೆಗಳಿಗೆ ಉಪ್ಪು ನೀರು ನುಗ್ಗದ ಹಾಗೆ ಸರೋವರಕ್ಕೆ ಅಡ್ಡ ಕಟ್ಟಿದ ತಣ್ಣೀರ್‌ಮುಕ್ಕಂ ಬಂಡಿನ ಗೇಟು ಮುಚ್ಚಿರುತ್ತಾರೆ, ನೀರು ನಿಂತು ಕಳೆ ಹಬ್ಬುತ್ತೆ. ಆದರೆ ನಮ್ಮ ಕಣ್ಣೆದುರೇ ನಮ್ಮದಕ್ಕಿಂತ ದೊಡ್ಡ ಬೋಟುಗಳು ಅದೇ ಕಡೆಗೆ ತಿರುಗಿ ಹೋಗುತ್ತಿದ್ದವಲ್ಲ, ಅವುಗಳಿಗೆ ಕಳೆ ಇರಲಿಲ್ವಾ?

ಆಗ ಆಗಿದ್ದು ಈ ವಿಷಯ. ನನ್ನ ಮಗ ಒಮ್ಮೆಲೇ ಎದ್ದು, "ಅಮ್ಮಾ, ನಮ್ಮ ಬೋಟು!" ಅಂತ ಕೂಗಿದ. ರಿಪೇರಿಗೆ ಹೋಗಿದೆ ಅಂದಿದ್ದರಲ್ಲ, ಅದೇ ಬೋಟು. ಅದೇ ಹೆಸರು, ಅದೇ ಮೇಲಿನ ಡೆಕ್, ಅದೇ ನೀಲಿ ಸೋಫಾ. ಸೋಫಾ ತುಂಬ ಬೇರೆ ಯಾರದೋ ಸಂಸಾರ. ನಮ್ಮ ಪಕ್ಕದಲ್ಲೇ ಹಾದು ಹೋಯಿತು. ಅವರ ಮಕ್ಕಳು ನಮಗೆ ಕೈ ಬೀಸಿದರು. ನಮ್ಮ ಮಕ್ಕಳೂ ಬೀಸಿದರು. ನನ್ನ ಗೆಳತಿ ನನ್ನ ಮುಖ ನೋಡಿದಳು, ನಾನು ನೀರು ನೋಡಿದೆ. ಅವಳ ಮನೆಯವರು ನನ್ನ ಮಾತು ನಂಬಿ ಅರ್ಧ ದುಡ್ಡು ಹಾಕಿದ್ದರು.

ನಮ್ಮ ಯಜಮಾನರು ಫೋಟೋ ತೆಗೆದು ಏಜೆಂಟ್‌ಗೆ ಕಳಿಸಿದರು. ಉತ್ತರ ಬಂತು: "ಅದು ಬೇರೆ ಬೋಟು ಸಾರ್, ನೋಡೋಕೆ ಒಂದೇ ತರ ಇರತ್ತೆ." ಹೆಸರು ಕಾಣುತ್ತಿದೆಯಲ್ಲ ಅಂದರು. "ಒಂದೇ ಹೆಸರಲ್ಲಿ ಓನರ್‌ದು ಎರಡು ಮೂರು ಬೋಟಿದೆ ಸಾರ್." ಹಾಗಾದರೆ ರಿಪೇರಿಗೆ ಹೋಗಿರುವುದರ ಫೋಟೋ ಕಳಿಸಿ ಅಂದರು. ಎರಡು ನೀಲಿ ಟಿಕ್ ಬಿತ್ತು. ಉತ್ತರ ಇಲ್ಲ. ಸಂಜೆ ಮತ್ತೆ ಕೇಳಿದಾಗ, "ಸಾರ್, ಫ್ಯಾಮಿಲಿ ಜೊತೆ ಬಂದಿದ್ದೀರಾ, ಎಂಜಾಯ್ ಮಾಡಿ." ಹೌದು, ಹೀಗೇ ಬರೆದ. ಎಂಜಾಯ್ ಮಾಡಿ ಅಂತೆ.

ಮೂರೂವರೆಗೆ ತಂದು ದಡಕ್ಕೆ ಕಟ್ಟಿದರು. ಸಂಜೆ ಐದೂವರೆ, ಆರರ ಹೊತ್ತಿಗೆ ಹೌಸ್‌ಬೋಟುಗಳು ನಿಲ್ಲಲೇಬೇಕು. ರಾತ್ರಿ ಮೀನುಗಾರರು ಬಲೆ ಹಾಕುತ್ತಾರೆ. ಅದು ಸರಿಯಾದ ನಿಯಮ, ಅದಕ್ಕೆ ನಮ್ಮ ತಕರಾರಿಲ್ಲ. ಮೂರೂವರೆಗೆ ಯಾವ ಮೀನುಗಾರ ಬಲೆ ಹಾಕುತ್ತಾನೆ? ಕಾಲುವೆ ಒಳಗೆ ಹೋಗಬೇಕಾದರೆ ಶಿಕಾರಾ (ಸಣ್ಣ ಬೋಟು) ತಗೊಳ್ಳಿ, ಗಂಟೆಗೆ ಇಷ್ಟು ಅಂತ ಇನ್ನೊಬ್ಬ ಬಂದ. ಏಜೆಂಟ್ ಅದೂ ಪ್ಯಾಕೇಜಿನಲ್ಲಿದೆ ಅಂದಿದ್ದ. ಹೌಸ್‌ಬೋಟು ಅಗಲ, ಸಣ್ಣ ಕಾಲುವೆಗಳಿಗೆ ಅದು ನುಗ್ಗುವುದೇ ಇಲ್ಲ. ಯಾರಾದರೂ "ಹೌಸ್‌ಬೋಟಿನಲ್ಲೇ ಹಳ್ಳಿ ಒಳಗೆಲ್ಲ ತೋರಿಸುತ್ತೇವೆ" ಅಂದರೆ ಅದು ಸುಳ್ಳು.

ಇದ್ದಿದ್ದರಲ್ಲಿ ಒಂದು ಒಳ್ಳೆಯದಾಯಿತು. ಬೋಟು ಕಟ್ಟಿದ್ದು ಒಂದು ಗದ್ದೆಯ ಬದುವಿಗೆ. ಮಾವ ಇಳಿದು ಹೋಗಿ ಬದುವಿನ ಮೇಲೆ ನಿಂತರು. ಒಂದು ಕಡೆ ನೀರು ಬದುವಿಗೆ ಒಂದು ಗೇಣು ಕಡಿಮೆ, ಇನ್ನೊಂದು ಕಡೆ ಕೊಯ್ಲು ಮುಗಿದ ಗದ್ದೆ ಆಳದಲ್ಲಿ. "ಈ ಬದು ಒಡೆದರೆ ಮುಗೀತು" ಅಂದರು. ಬಹಳ ಹೊತ್ತು ಅಲ್ಲೇ ಇದ್ದರು. ಇದನ್ನು ಏಜೆಂಟ್ ತೋರಿಸಲಿಲ್ಲ, ಅಕಸ್ಮಾತ್ ಸಿಕ್ಕಿತು.

ಇನ್ನು ಲೈಫ್ ಜಾಕೆಟ್. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಕೇಳಿದರೆ ಬೆಂಚಿನ ಕೆಳಗಿನಿಂದ ಹಗ್ಗ ಕಟ್ಟಿದ ಒಂದು ಗಂಟು ಎಳೆದರು. ಎಲ್ಲ ದೊಡ್ಡವರ ಸೈಜು, ಮಕ್ಕಳದ್ದು ಒಂದೂ ಇಲ್ಲ. ಒಂದರ ಬಕಲ್ ಕಿತ್ತುಹೋಗಿತ್ತು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ಬೋಟು ಮಗುಚಿ 22 ಜನ ಸತ್ತರು, ಅದರಲ್ಲಿ ಮಕ್ಕಳೇ ಎಷ್ಟೊಂದು. ಮಿತಿಗಿಂತ ಜಾಸ್ತಿ ಜನ ಹತ್ತಿಸಿದ್ದರು. ಮೀನುಗಾರಿಕೆ ಬೋಟನ್ನೇ ಪ್ರವಾಸಿ ಬೋಟು ಮಾಡಿದ್ದರು. ಇಷ್ಟೆಲ್ಲ ಆದ ಮೇಲೂ, ನಂಬರಿಗೆ ಬಣ್ಣ ಬಳಿದ ಬೋಟಿಗೆ ನಮ್ಮ ಮಕ್ಕಳನ್ನು ಹತ್ತಿಸುತ್ತಾರೆ ಅಂದರೆ ಏನು ಹೇಳಬೇಕು? ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ. ಮೂರು ಎಸಿಯಲ್ಲಿ ಒಂದು ಕೆಲಸ ಮಾಡಲಿಲ್ಲ ಅನ್ನೋದು ಬೇರೆ ಕಥೆ.

ಊರಿಗೆ ಬಂದ ಮೇಲೆ ದುಡ್ಡು ವಾಪಸ್ ಕೇಳಿದೆ. ಪೂರ್ತಿ ಅಲ್ಲ, ಹಗಲು ಎಸಿಗೆ ಅಂತ ಜಾಸ್ತಿ ತಗೊಂಡಿದ್ದಷ್ಟೇ. "ಓನರ್ ಹತ್ತಿರ ಮಾತಾಡ್ತೀನಿ ಮೇಡಂ." ಆಮೇಲೆ, "ಓನರ್ ಊರಲ್ಲಿಲ್ಲ." ಆಮೇಲೆ, "ಮುಂದಿನ ಸಲ ಬಂದಾಗ ಡಿಸ್ಕೌಂಟ್ ಕೊಡ್ತೀನಿ." ಮುಂದಿನ ಸಲ! ಕೊನೆಗೆ, "ನೀವು ಉಳ್ಕೊಂಡ್ರಿ, ಊಟ ಮಾಡಿದ್ರಿ, ಈಗ ಕಂಪ್ಲೇಂಟ್ ಮಾಡ್ತೀರಾ?" ಇದಾದ ಮೇಲೆ ಬ್ಲಾಕ್. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಮೆಸೇಜುಗಳ ಸ್ಕ್ರೀನ್‌ಶಾಟ್ ಸಮೇತ. ಏನಾಗುತ್ತೋ ನೋಡಬೇಕು.

ಹೋಗುವವರು ಹೋಗಿ, ನೀರು, ಜಾಗ ಎಲ್ಲ ಚೆನ್ನಾಗಿದೆ, ಅದರದ್ದೇನೂ ತಪ್ಪಿಲ್ಲ. ಆದರೆ ಡಿಲಕ್ಸ್, ಪ್ರೀಮಿಯಂ, ಲಕ್ಸುರಿ ಅಂತ ಏಜೆಂಟ್ ಹೇಳುವ ಮಾತಿಗೆ ಬೆಲೆ ಕೊಡಬೇಡಿ. ಬೋಟಿನ ಹೆಸರು, ನೋಂದಣಿ ನಂಬರ್, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಬೋಟು ಓಡುತ್ತೆ, ಇಷ್ಟನ್ನು ಬರೆಸಿಕೊಳ್ಳಿ. ಬೋಟು ಬದಲಾದರೆ ಅಡ್ವಾನ್ಸ್ ವಾಪಸ್ ಅಂತಲೂ ಬರೆಸಿಕೊಳ್ಳಿ. ನಾನು ಉಳಿದದ್ದೆಲ್ಲ ಬರೆಸಿಕೊಂಡಿದ್ದೆ, ಈ ಜನ ಇದಕ್ಕೂ ಇಳಿಯುತ್ತಾರೆ ಅಂತ ಯಾರಿಗೆ ಗೊತ್ತಿತ್ತು? ಬೋಟಿನ ಒಳಗೆ ನಡೆದು ಮೂರೂ ರೂಮು ನೋಡುವ ತನಕ ಲಗೇಜ್ ಮುಟ್ಟಲು ಬಿಡಬೇಡಿ. ಬರೀ ನೀರಿನ ಮೇಲೆ ಸುತ್ತಾಡಿದರೆ ಸಾಕು ಅನ್ನುವವರಿಗೆ ಅಲೆಪ್ಪಿ ಜೆಟ್ಟಿಯಿಂದ ಕೇರಳ ಜಲಸಾರಿಗೆ ಇಲಾಖೆಯ ಬೋಟುಗಳು ಕೋಟ್ಟಯಂ ಕಡೆಗೆ, ಕುಟ್ಟನಾಡಿನ ಹಳ್ಳಿಗಳಿಗೆ ಹೋಗುತ್ತವೆ. ಬಸ್ ಚಾರ್ಜಿನಷ್ಟು ಟಿಕೆಟ್. ಮರುದಿನ ನಾವು ಅದರಲ್ಲೇ ಹೋದೆವು, ಹಿಂದಿನ ದಿನ ನೋಡಿದ್ದಕ್ಕಿಂತ ಜಾಸ್ತಿ ನೋಡಿದೆವು.

ಈಗಾಗಲೇ ಅಡ್ವಾನ್ಸ್ ಹಾಕಿದವರು ಇವತ್ತೇ ಏಜೆಂಟ್‌ಗೆ ಮೆಸೇಜ್ ಮಾಡಿ ನೋಂದಣಿ ನಂಬರ್ ಕೇಳಿ. "ಅಲ್ಲಿಗೆ ಬಂದ ಮೇಲೆ ಹೇಳ್ತೀವಿ" ಅಂತ ಉತ್ತರ ಬಂದರೆ ನಿಮ್ಮ ಹೆಸರಿಗೂ ಇನ್ನೂ ಬೋಟು ಇಲ್ಲ. ಬೋಟು ಕಣ್ಣಿಗೆ ಬೀಳುವ ತನಕ ಬಾಕಿ ದುಡ್ಡು ಕೊಡಬೇಡಿ, ಏಜೆಂಟ್ ಅಕ್ಕಾ ಅಂದರೂ ಅಷ್ಟೇ, ಅಣ್ಣಾ ಅಂದರೂ ಅಷ್ಟೇ.